ಕರ್ಣನಿಲ್ಲದ ಸೇನೆ

ಪಂಪಭಾರತದಲ್ಲಿ ಕೌರವಸೇನೆಗೆ ವೃದ್ಧನಾದ ಭೀಷ್ಮನನ್ನು ಅಧಿಪತಿಯನ್ನಾಗಿ ಮಾಡುವ ಪ್ರಸಂಗವನ್ನು ನಾನು ಹದಿನೆಂಟು ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ಪಟ್ಟಬಂಧದ ಸಂಭ್ರಮದ ನಡುವೆ ಕರ್ಣನೊಬ್ಬನು ಕೆರಳಿ ಏಳುತ್ತಾನೆ. ಈ ಮುದುಕನಿಗೆ ಪಟ್ಟವೇಕೆ, ನಾನಿಲ್ಲವೆ ಎಂಬ ಧಾಟಿಯ ಮಾತುಗಳನ್ನಾಡುತ್ತಾನೆ, ಹಿರಿಯರಿಂದ ಬೈಸಿಕೊಳ್ಳುತ್ತಾನೆ, ಕಡೆಗೆ ಭೀಷ್ಮನು ಬೀಳುವವರೆಗೂ ಆಯುಧ ಹಿಡಿಯೆನೆಂದು ಹೊರಟುಹೋಗುತ್ತಾನೆ. ತರಗತಿಯ ಹುಡುಗರು ಯಾವಾಗಲೂ ಕರ್ಣನ ಪಕ್ಷ. ನಾನು ಮೊದಮೊದಲು ಅವರಂತೆಯೇ ಇದ್ದೆ. ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೆ ಮೆಲ್ಲಮೆಲ್ಲನೆ ಭೀಷ್ಮನ ಕಡೆಗೆ ವಾಲಿದ್ದೇನೆ. ಮನುಷ್ಯನ ವಿಮರ್ಶಾಬುದ್ಧಿ ಅವನ ವಯಸ್ಸಿಗೆ ಎಷ್ಟು ಋಣಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಪ್ರಸಂಗ ನನಗೆ ಮತ್ತೆ ನೆನಪಾದುದು ೨೦೨೫ರ ಮಾರ್ಚಿಯಲ್ಲಿ, ಒಂದು ಫುಟ್‌ಬಾಲ್ ವಾರ್ತೆಯನ್ನು ಓದುತ್ತಿದ್ದಾಗ. ಸುನಿಲ್ ಛೇತ್ರಿಯವರು ನಿವೃತ್ತಿಯನ್ನು ಮುರಿದು ಭಾರತದ ತಂಡಕ್ಕೆ ಹಿಂದಿರುಗಿದ್ದರು. ಒಂಬತ್ತು ತಿಂಗಳ ಹಿಂದೆ, ೨೦೨೪ರ ಜೂನ್ ೬ರಂದು, ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ತಂಡದೊಡನೆ ಗೋಲುಗಳಿಲ್ಲದೆ ಮುಗಿದ ಪಂದ್ಯದ ಕೊನೆಗೆ, ಕಣ್ಣೀರಿಡುತ್ತ ವಿದಾಯ ಹೇಳಿದ್ದ ಮನುಷ್ಯ ಅವರು. ಆ ಹೊತ್ತಿಗೆ ಆಡಿದ ಅಂತರರಾಷ್ಟ್ರೀಯ ಪಂದ್ಯಗಳು ೧೫೧, ಹೊಡೆದ ಗೋಲುಗಳು ೯೪. ನಲವತ್ತು ದಾಟಿದ ಮೇಲೆ ಅವರನ್ನು ಮತ್ತೆ ಕರೆದರು, ಅವರು ಬಂದರು, ಶಿಲ್ಲಾಂಗಿನಲ್ಲಿ ಮಾಲ್ದೀವ್ಸ್ ತಂಡದ ಮೇಲೆ ತೊಂಬತ್ತೈದನೆಯ ಗೋಲನ್ನೂ ತಲೆಯಿಂದ ಹೊಡೆದರು. ಪತ್ರಿಕೆಗಳು ಸಂತೋಷಪಟ್ಟವು. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಭೌತಶಾಸ್ತ್ರದ ಮಿತ್ರರು ಸಿಹಿ ಹಂಚಿದರು. ನಾನೂ ತಿಂದೆ. ಆದರೆ ತಿನ್ನುತ್ತಿರುವಾಗಲೇ ಒಂದು ವಿಚಾರ ಕೊರೆಯತೊಡಗಿತು: ಭೀಷ್ಮನಿಗೆ ಪಟ್ಟ ಕಟ್ಟಿದ್ದಾಯಿತು, ಸರಿ, ಸಭೆಯಲ್ಲಿ ಕೆರಳಿ ಎದ್ದು ನಿಂತ ಕರ್ಣನೆಲ್ಲಿ?

ಒಬ್ಬನೂ ಏಳಲಿಲ್ಲ. ನೂರನಲವತ್ತು ಕೋಟಿ ಜನರ ದೇಶದಲ್ಲಿ, ಆ ಸ್ಥಾನ ನನ್ನದು ಎನ್ನಬಲ್ಲ ಇಪ್ಪತ್ತೈದು ವರ್ಷದ ತರುಣನೊಬ್ಬನಿರಲಿಲ್ಲ. ಛೇತ್ರಿಯವರ ಬಗೆಗೆ ನಾವು ಆಡುತ್ತಿರುವ ಹೊಗಳಿಕೆಯ ಮಾತುಗಳಲ್ಲಿ ಅರ್ಧಕ್ಕರ್ಧ ನಮ್ಮ ನಾಚಿಕೆಯನ್ನು ಮುಚ್ಚಿಕೊಳ್ಳಲು ಹೊದ್ದ ಶಾಲು ಎಂಬುದು ನನ್ನ ಅಭಿಪ್ರಾಯ. ಅಭಿಮಾನಿಗಳು ಸಿಟ್ಟಾಗುವ ಮುನ್ನ ಉಳಿದುದನ್ನೂ ಓದಬೇಕೆಂದು ಬೇಡಿಕೊಳ್ಳುತ್ತೇನೆ. ಏಕೆಂದರೆ ಆ ಅಭಿಮಾನಿಗಳಲ್ಲಿ ನಾನೂ ಒಬ್ಬ.

ನಮ್ಮ ಊರಿಗೆ ಅವರು ಬಂದದ್ದು ೨೦೧೩ರಲ್ಲಿ, ಬೆಂಗಳೂರು ಫುಟ್‌ಬಾಲ್ ಕ್ಲಬ್ಬು ಹುಟ್ಟಿದ ವರ್ಷವೇ. ಹುಟ್ಟಿನಿಂದ ಅವರು ನಮ್ಮವರಲ್ಲ. ಸಿಕಂದರಾಬಾದಿನಲ್ಲಿ ೧೯೮೪ರ ಆಗಸ್ಟ್ ೩ರಂದು ಸೈನ್ಯದ ಕುಟುಂಬವೊಂದರಲ್ಲಿ ಹುಟ್ಟಿದರು. ತಾಯಿ ನೇಪಾಳದ ಮಹಿಳಾ ತಂಡಕ್ಕೆ ಆಡಿದವರೆಂಬುದನ್ನು ಗಮನಿಸಿದರೆ ಆಟ ಮನೆಯಲ್ಲೇ ಇದ್ದ ವಿದ್ಯೆ. ೨೦೦೨ರಲ್ಲಿ ಮೋಹನ್ ಬಾಗಾನ್, ಆಮೇಲೆ ಪಂಜಾಬಿನ ಜೆ.ಸಿ.ಟಿ., ಈಸ್ಟ್ ಬೆಂಗಾಲ್, ಗೋವೆಯ ಡೆಂಪೊ, ಹೀಗೆ ಊರೂರು ತಿರುಗಿದರು. ನಡುವೆ ವಿದೇಶದ ಆಸೆಯೂ ಇತ್ತು. ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬಿಗೆ ಸೇರುವುದರಲ್ಲಿದ್ದರು. ಭಾರತದ ಸ್ಥಾನ ವಿಶ್ವದ ಶ್ರೇಯಾಂಕಪಟ್ಟಿಯಲ್ಲಿ ಬಹಳ ಕೆಳಗಿದೆಯೆಂಬ ಕಾರಣದಿಂದ ಕೆಲಸದ ಪರವಾನಗಿ ದೊರೆಯಲಿಲ್ಲ. ತನ್ನ ದೋಷವಲ್ಲದ ದೋಷಕ್ಕೆ ಶಿಕ್ಷೆ! ೨೦೧೦ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ, ೨೦೧೨ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡ. ಎರಡೂ ಕಡೆ ಆಡಿದ್ದಕ್ಕಿಂತ ಕಾದದ್ದೇ ಹೆಚ್ಚು. ಬೆಂಗಳೂರಿಗೆ ಬಂದಾಗ ವಯಸ್ಸು ಇಪ್ಪತ್ತೊಂಬತ್ತು. ಗೋಲು ಹೊಡೆಯುವವರ ಪಾಲಿಗೆ ಅದು ಮಧ್ಯಾಹ್ನ ಕಳೆದ ಹೊತ್ತು. ಅಲ್ಲಿಂದಾಚೆ ನಡೆದದ್ದೇ ಅವರ ನಿಜವಾದ ಕಥೆ ಎಂದು ನಾನು ಹೇಳಿದರೆ ಕಲ್ಕತ್ತೆಯವರು ಒಪ್ಪಲಾರರು, ಚಿಂತೆಯಿಲ್ಲ.

ಹುಟ್ಟಿದ ವರ್ಷವೇ ಆ ಕ್ಲಬ್ಬು ಐ-ಲೀಗನ್ನು ಗೆದ್ದಿತು. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣ ಅದರ ಮೊದಲ ಮನೆ. ೨೦೧೫-೧೬ರಲ್ಲಿ ಲೀಗು ಮತ್ತೊಮ್ಮೆ, ಫೆಡರೇಷನ್ ಕಪ್ ಎರಡು ಬಾರಿ, ೨೦೧೮ರಲ್ಲಿ ಸೂಪರ್ ಕಪ್, ೨೦೧೯ರ ಮಾರ್ಚಿಯಲ್ಲಿ ಇಂಡಿಯನ್ ಸೂಪರ್ ಲೀಗ್, ೨೦೨೨ರಲ್ಲಿ ಡ್ಯುರಾಂಡ್ ಕಪ್. ಎಲ್ಲದರಲ್ಲಿಯೂ ಛೇತ್ರಿಯವರಿದ್ದರು. ಅವರು ಈ ಕ್ಲಬ್ಬಿಗಾಗಿ ಹೊಡೆದ ಗೋಲುಗಳು ನೂರನ್ನು ಎಂದೋ ದಾಟಿದವು.

ಅಂಕೆಗಳನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಕಾವ್ಯವನ್ನು ಪದ್ಯಗಳ ಸಂಖ್ಯೆಯಿಂದ ಅಳೆಯುವ ವಿಮರ್ಶಕನನ್ನು ನಾವು ನಗುತ್ತೇವೆ. ಆಟದಲ್ಲಿ ಮಾತ್ರ ಆ ಬಗೆಯ ವಿಮರ್ಶಕನೇ ಸರ್ವಮಾನ್ಯ. ಒಂದೇ ಒಂದು ಸಂಜೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

೨೦೧೬ರ ಅಕ್ಟೋಬರ್ ೧೯. ಕಂಠೀರವ ಕ್ರೀಡಾಂಗಣ. ಎ.ಎಫ್.ಸಿ. ಕಪ್ಪಿನ ಉಪಾಂತ್ಯದ ಎರಡನೆಯ ಪಂದ್ಯ. ಎದುರಿಗೆ ಹಿಂದಿನ ವರ್ಷದ ವಿಜೇತರಾದ ಮಲೇಷಿಯದ ಜೊಹೊರ್ ದಾರುಲ್ ತಾಝಿಮ್. ಅವರ ನೆಲದಲ್ಲಿ ನಡೆದ ಮೊದಲನೆಯ ಪಂದ್ಯ ಒಂದಕ್ಕೊಂದು ಸಮನಾಗಿತ್ತು. ಇಲ್ಲಿ ಮೊದಲ ಗೋಲು ಅವರದೇ. ಗ್ಯಾಲರಿಯಲ್ಲಿ ನನ್ನ ಪಕ್ಕದವರು ಮನೆಯ ಕಡೆ ಹೊರಡುವ ಸಿದ್ಧತೆಯಲ್ಲಿದ್ದರು. ವಿರಾಮಕ್ಕೆ ಕೆಲವು ನಿಮಿಷಗಳಿರುವಾಗ ಕಾರ್ನರ್‌ನಿಂದ ಚೆಂಡು ತೇಲಿ ಬಂತು. ಛೇತ್ರಿಯವರ ಎತ್ತರ ಐದಡಿ ಏಳಂಗುಲದಷ್ಟು; ಸುತ್ತಲಿದ್ದ ರಕ್ಷಕರು ಅವರಿಗಿಂತ ಎತ್ತರದವರು. ಎತ್ತರದವನು ಚೆಂಡಿಗಾಗಿ ಕಾಯುತ್ತಾನೆ. ಗಿಡ್ಡನು ಚೆಂಡು ಬರುವ ಸ್ಥಳವನ್ನು ಮೊದಲೇ ತಿಳಿದು ಅಲ್ಲಿಗೆ ಹೋಗಬೇಕು. ಇದು ಲೆಕ್ಕವೂ ಹೌದು, ಪ್ರತಿಭೆಯೂ ಹೌದು. ಅವರು ನೆಗೆದರೋ, ಗಾಳಿಯಲ್ಲಿ ಒಂದು ಕ್ಷಣ ನಿಂತರೋ, ನನಗೆ ಗೊತ್ತಾಗಲಿಲ್ಲ, ಚೆಂಡು ಬಲೆಯಲ್ಲಿತ್ತು. ದ್ವಿತೀಯಾರ್ಧದಲ್ಲಿ ದೂರದಿಂದ ಬಲಗಾಲಲ್ಲಿ ಒಂದು ಹೊಡೆತ. ಗೋಲುರಕ್ಷಕನು ಹಾರಿದನು, ಹಾರದಿದ್ದರೂ ಫಲ ಅದೇ ಆಗಿರುತ್ತಿತ್ತು. ಹ್ವಾನನ್ ಮೂರನೆಯದನ್ನು ಸೇರಿಸಿದರು. ಏಷ್ಯದ ಆ ಸ್ಪರ್ಧೆಯ ಅಂತಿಮಕ್ಕೆ ಹೋದ ಮೊದಲ ಭಾರತೀಯ ಕ್ಲಬ್ಬು ನಮ್ಮದಾಯಿತು. ಮನೆಗೆ ಹೊರಟಿದ್ದ ಪಕ್ಕದವರು ನನ್ನನ್ನು ಅಪ್ಪಿಕೊಂಡಿದ್ದರು. ಅವರ ಹೆಸರನ್ನು ನಾನು ಈವರೆಗೂ ಅರಿಯೆ.

ನವೆಂಬರ್ ೫ರಂದು ದೋಹಾದಲ್ಲಿ ನಡೆದ ಅಂತಿಮದಲ್ಲಿ ಇರಾಕಿನ ವಾಯುಸೇನೆಯ ಕ್ಲಬ್ಬಿಗೆ ಒಂದು ಗೋಲಿನಿಂದ ಸೋತೆವು. ಅದನ್ನು ಹೆಚ್ಚು ಹೇಳಲಾರೆ.

ಒಬ್ಬ ಗೋಲುಗಾರನ ಕೌಶಲ್ಯದ ವಿಷಯವಾಗಿ ಸಾಮಾನ್ಯವಾಗಿ ಕಾಲಿನ ಬಲವನ್ನು ಹೊಗಳುತ್ತಾರೆ. ಛೇತ್ರಿಯವರದು ಕಾಲಿನ ಬಲಕ್ಕಿಂತ ಮಿಗಿಲಾಗಿ ಕಣ್ಣಿನ ಬಲ. ಎಡಬದಿಯಿಂದ ಒಳಕ್ಕೆ ತಿರುಗಿ ಬಲಗಾಲಿಗೆ ಚೆಂಡನ್ನು ತಂದುಕೊಳ್ಳುವುದು ಅವರ ಪ್ರಸಿದ್ಧವಾದ ನಡೆ. ಎಲ್ಲ ರಕ್ಷಕರಿಗೂ ಅದು ಗೊತ್ತು, ಗೊತ್ತಿದ್ದೂ ತಡೆಯಲಾರರು. ಅವರು ಎಡಬದಿಗೆ ಬಂದುದೇಕೆ ಎಂಬುದನ್ನು ಮಾತ್ರ ಬಹಳ ಮಂದಿ ಯೋಚಿಸಿಲ್ಲ. ನನ್ನ ದೂರಿನ ಮೂಲ ಇರುವುದು ಅಲ್ಲಿಯೇ.

ಇಂಡಿಯನ್ ಸೂಪರ್ ಲೀಗು ೨೦೧೪ರಲ್ಲಿ ಪ್ರಾರಂಭವಾದಾಗ ಒಂದು ತಂಡದ ಹನ್ನೊಂದು ಮಂದಿಯಲ್ಲಿ ಆರು ಮಂದಿ ವಿದೇಶೀಯರಿರಬಹುದಿತ್ತು. ೨೦೧೭-೧೮ರಲ್ಲಿ ಅದು ಐದಕ್ಕೆ ಇಳಿಯಿತು, ೨೦೨೧-೨೨ರಲ್ಲಿ ನಾಲ್ಕಕ್ಕೆ. ಹಣ ತೆತ್ತು ಹೊರಗಿನವರನ್ನು ತರಿಸುವ ಒಡೆಯನು ಅವರನ್ನು ಎಲ್ಲಿ ನಿಲ್ಲಿಸುತ್ತಾನೆ? ಗೋಲು ಹೊಡೆಯುವ ಜಾಗದಲ್ಲಿ. ಇದು ಅವನ ದುಷ್ಟತನವೇನೂ ಅಲ್ಲ. ಬೆಲೆ ಕೊಟ್ಟು ತಂದ ವೀಣೆಯನ್ನು ಅಟ್ಟದ ಮೇಲೆ ಇಡುವವರುಂಟೆ? ಪರಿಣಾಮವಾಗಿ ಊರೂರಿನ ತಂಡಗಳ ನಡುಮುಂಪಂಕ್ತಿ ಪರದೇಶದವರ ಪಾಲಾಯಿತು. ನಮ್ಮ ಹುಡುಗರು ಬದಿಗಳಿಗೂ ಹಿಂದಕ್ಕೂ ಸರಿದರು. ಛೇತ್ರಿಯವರಂಥವರೂ ಸರಿದರು. ೨೦೧೭-೧೮ರಲ್ಲಿ ಬೆಂಗಳೂರಿನ ನಡುವಿನಲ್ಲಿ ವೆನಿಜುವೆಲದ ಮಿಕು ಆಡಿದರು, ಎಡಕ್ಕೆ ಛೇತ್ರಿಯವರು. ಲೀಗಿನಲ್ಲಿ ಮಿಕು ಹದಿನೈದು ಗೋಲು ಹೊಡೆದರೆ, ಬದಿಯಲ್ಲಿ ನಿಂತವರು ಹದಿನಾಲ್ಕು! ಮುಂದೆ ಬ್ರೆಜಿಲಿನ ಕ್ಲೇಟನ್ ಸಿಲ್ವ, ಫಿಜಿಯ ರಾಯ್ ಕೃಷ್ಣ, ಅರ್ಜೆಂಟೀನದ ಪೆರೇರ ಡಿಯಾಸ್ ಬಂದರು, ಹೋದರು. ಛೇತ್ರಿಯವರು ಪ್ರತಿಯೊಬ್ಬರ ಪಕ್ಕದಲ್ಲಿಯೂ ತಮಗೊಂದು ಎಡೆ ಮಾಡಿಕೊಂಡರು. ಅವರ ಈ ಸಾಮರ್ಥ್ಯವನ್ನು ಎಷ್ಟು ಮೆಚ್ಚಿದರೂ ಸಾಲದು. ಆದರೆ ಸ್ಥಾನ ಕೈತಪ್ಪಿದ ಮೇಲೂ ಬದುಕಬಲ್ಲವನು ಪ್ರತಿಭಾಶಾಲಿ ಮಾತ್ರ. ಹದಿನೆಂಟು ವರ್ಷದ ಸಾಧಾರಣ ಹುಡುಗನು ಬದುಕಲಾರನು. ಪ್ರತಿಭಾಶಾಲಿಗಳಾದರೂ ಹಿಂದೊಮ್ಮೆ ಹದಿನೆಂಟು ವರ್ಷದ ಸಾಧಾರಣ ಹುಡುಗರಾಗಿಯೇ ಇರುತ್ತಾರೆ.

ಒಮ್ಮೆ ಕರ್ಣನ ಸುಳಿವು ಕಾಣದೆ ಇರಲಿಲ್ಲ. ೨೦೨೨-೨೩ರಲ್ಲಿ ತಮಿಳುನಾಡಿನಿಂದ ಬಂದ ಶಿವಶಕ್ತಿ ಎಂಬ ತರುಣನು ಲೀಗಿನಲ್ಲಿ ಆರು ಗೋಲು ಹೊಡೆದನು. ಆ ಋತುವಿನ ಉತ್ತರಾರ್ಧದಲ್ಲಿ ಹಲವು ಪಂದ್ಯಗಳಲ್ಲಿ ಛೇತ್ರಿಯವರೇ ಹೊರಗೆ ಬೆಂಚಿನ ಮೇಲೆ ಕುಳಿತು, ತಡವಾಗಿ ಒಳಬಂದರು. ಗೊಣಗಲಿಲ್ಲ. ಆಗ ನನಗೆ ಸಂತೋಷವಾಯಿತು. ಇನ್ನು ಈ ಮನುಷ್ಯ ನಿಶ್ಚಿಂತೆಯಿಂದ ಮುದುಕನಾಗಬಹುದು ಎಂದುಕೊಂಡೆ. ಹಾಗಾಗಲಿಲ್ಲ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಮತ್ತೆ ಅವರೇ. ೨೦೨೪ರ ಡಿಸೆಂಬರ್ ೭ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡದ ಮೇಲೆ ಮೂರು ಗೋಲು. ಆ ಲೀಗಿನಲ್ಲಿ ಅಷ್ಟು ವಯಸ್ಸಿನವರು ಒಂದೇ ಪಂದ್ಯದಲ್ಲಿ ಮೂರು ಹೊಡೆದದ್ದು ಅದೇ ಮೊದಲು. ಋತುವಿನ ಕೊನೆಗೆ ಹದಿನಾಲ್ಕು. ಎರಡನೆಯ ಭಾರತೀಯನು ಅದರ ಹತ್ತಿರಕ್ಕೂ ಸುಳಿಯಲಿಲ್ಲ. ಆ ವರ್ಷದ ಉಪಾಂತ್ಯದಲ್ಲಿ ಗೋವೆಯವರು ತಮ್ಮ ನೆಲದಲ್ಲಿ ಎರಡು ಗೋಲು ಹೊಡೆದು ಮೊದಲ ಪಂದ್ಯದ ಸಾಲವನ್ನು ತೀರಿಸಿ, ಆಟ ಇನ್ನೇನು ಹೆಚ್ಚುವರಿ ಕಾಲಕ್ಕೆ ಹೋಗಬೇಕು ಎನ್ನುವಷ್ಟರಲ್ಲಿ ಛೇತ್ರಿಯವರ ತಲೆಗೆ ಚೆಂಡು ಸಿಕ್ಕಿತು. ಬೆಂಗಳೂರು ಅಂತಿಮಕ್ಕೆ ಹೋಯಿತು. ಏಪ್ರಿಲ್ ೧೨ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನಿನವರು ಹೆಚ್ಚುವರಿ ಕಾಲದಲ್ಲಿ ಎರಡಕ್ಕೊಂದರಿಂದ ಗೆದ್ದರು.

ಆ ಗೋವೆಯ ಗೋಲನ್ನು ಕಂಡು ನಾನು ಮಕ್ಕಳಂತೆ ಕುಣಿದೆ. ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಿರುವಾಗ ಯೋಚನೆ ಬಂತು: ನಲವತ್ತು ವರ್ಷದವರೊಬ್ಬರು ಒಂದು ದೇಶದ ಲೀಗಿನಲ್ಲಿ ದೇಶೀಯರ ಪೈಕಿ ಅತ್ಯಧಿಕ ಗೋಲು ಹೊಡೆಯುತ್ತಾರೆಂದರೆ, ಆ ಲೀಗಿನ ಪರೀಕ್ಷಾಫಲಿತಾಂಶವನ್ನು ಯಾವ ಮುಖ್ಯೋಪಾಧ್ಯಾಯನು ತಾನೆ ಹೆಮ್ಮೆಯಿಂದ ಗೋಡೆಗೆ ಅಂಟಿಸಿಯಾನು?

ನ್ಯಾಯಕ್ಕಾಗಿ ಎರಡು ಮಾತುಗಳನ್ನು ಹೇಳಬೇಕು. ಛೇತ್ರಿಯವರ ಅಂತರರಾಷ್ಟ್ರೀಯ ಗೋಲುಗಳು ಮೆಸ್ಸಿ, ರೊನಾಲ್ಡೊ ಅವರ ಪಟ್ಟಿಯ ಪಕ್ಕದಲ್ಲಿ ಬರೆಯಲ್ಪಡುತ್ತವೆ. ಇದನ್ನು ಕಂಡು ಹಿಗ್ಗುವವರು, ಅವುಗಳಲ್ಲಿ ಅನೇಕವು ಮಾಲ್ದೀವ್ಸ್, ನೇಪಾಳ, ಬಾಂಗ್ಲಾದೇಶ, ಪಾಕಿಸ್ತಾನಗಳ ಮೇಲೆ ಬಂದವು ಎಂಬುದನ್ನೂ ನೆನೆಯಬೇಕು. ಹಾಗೆಂದು ಬಲಿಷ್ಠರ ಮುಂದೆ ಅವರ ಕಾಲು ನಡುಗಿತೆಂದಲ್ಲ. ೨೦೧೧ರ ಏಷ್ಯಾ ಕಪ್ಪಿನಲ್ಲಿ ಬಹರೇನ್, ದಕ್ಷಿಣ ಕೊರಿಯಗಳ ಮೇಲೂ ಹೊಡೆದರು. ೨೦೧೯ರಲ್ಲಿ ಥಾಯ್ಲೆಂಡಿನ ಮೇಲೆ ಎರಡು. ಆ ಕಪ್ಪಿಗೆ ಭಾರತ ೨೦೧೧ರಲ್ಲಿ ಹೋಗುವಂತಾದದ್ದೇ ೨೦೦೮ರ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ತಜಿಕಿಸ್ತಾನದ ಮೇಲೆ ಅವರು ಹೊಡೆದ ಮೂರು ಗೋಲುಗಳಿಂದ.

ಎರಡನೆಯದು, ೨೦೨೩ರ ಮಾರ್ಚ್ ೩ರ ಪ್ರಸಂಗ. ಕೇರಳದವರೊಡನೆ ನಿರ್ಣಾಯಕ ಪಂದ್ಯ, ಹೆಚ್ಚುವರಿ ಕಾಲ. ಫ್ರೀ ಕಿಕ್ ದೊರೆಯಿತು. ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೇತ್ರಿಯವರು ಚೆಂಡನ್ನು ಮೆಲ್ಲನೆ ಬಲೆಗೆ ತೂರಿದರು. ರೆಫರಿ ಗೋಲು ಎಂದರು. ಕೇರಳದ ತರಬೇತುದಾರರು ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಆಮೇಲೆ ಅವರ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು. ಬೇಗನೆ ಹೊಡೆಯುವುದಕ್ಕೆ ಆಟದ ನಿಯಮದಲ್ಲಿ ಅವಕಾಶವುಂಟು. ರೆಫರಿಯ ಮಾತೇ ಕೊನೆಯ ಮಾತು. ಆಟ ಬಿಟ್ಟು ಹೋದದ್ದು ತಪ್ಪು. ಇಷ್ಟೆಲ್ಲ ಒಪ್ಪಿಯೂ ಆ ಗೋಲು ನನಗೆ ರುಚಿಸಲಿಲ್ಲ. ಭೀಮನು ದುರ್ಯೋಧನನ ತೊಡೆಗೆ ಹೊಡೆದದ್ದು ಪ್ರತಿಜ್ಞೆಯ ನೆರವೇರಿಕೆಯೇ ಇರಬಹುದು. ಓದುಗನಿಗೆ ಮಾತ್ರ ಅಲ್ಲಿ ಮನಸ್ಸು ಸ್ವಲ್ಪ ಬಾಡುತ್ತದೆ. ಇಷ್ಟು ಗೋಲುಗಳ ನಡುವೆ ಒಂದನ್ನು ಇಷ್ಟಪಡದಿರುವ ಸ್ವಾತಂತ್ರ್ಯ ಅಭಿಮಾನಿಗೆ ಇರಬೇಡವೆ?

ನಮ್ಮ ಊರಿಗೆ ಗೋಲುಗಾರರ ಬರ ಹಿಂದಿನಿಂದಲೂ ಇದ್ದುದಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾಲ್ಚೆಂಡೆಂದರೆ ಕಲ್ಕತ್ತೆ, ಗೋವೆ, ಕೇರಳ, ಈಚೆಗೆ ಮಣಿಪುರ, ಮಿಜೋರಾಂ ಎಂದು ಎಣಿಸುವ ಇಂದಿನ ತರುಣರಿಗೆ, ೧೯೩೭ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್ ಎಂದರೆ ನಂಬಿಕೆಯಾಗುವುದಿಲ್ಲ. ಮರುವರ್ಷವೂ ಅವರೇ ಗೆದ್ದರು. ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯವನ್ನು ೧೯೪೮ರಲ್ಲಿ ಲಂಡನ್ನಿನ ಬಳಿ ಫ್ರಾನ್ಸಿನೊಡನೆ ಆಡಿತು. ಹಲವರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಎರಡಕ್ಕೊಂದರಿಂದ ಸೋತರೂ, ಭಾರತದ ಆ ಒಂದು ಗೋಲನ್ನು ಹೊಡೆದವರು ನಮ್ಮ ಊರಿನ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು. ಮುಂದೆ ಅವರು ಈಸ್ಟ್ ಬೆಂಗಾಲಿನ ಮುಂಪಂಕ್ತಿಯ ಐವರಲ್ಲಿ ಒಬ್ಬರಾದರು. ಅಪ್ಪಾರಾವ್, ಧನರಾಜ್, ವೆಂಕಟೇಶ್, ಸಾಲೇ, ಅಹಮದ್ ಖಾನ್: ಈ ಐವರನ್ನು ಬಂಗಾಳದ ಜನ ಪಂಚಪಾಂಡವರೆಂದೇ ಕರೆದರು. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು, ಕೊನೆಯದು ೧೯೬೮-೬೯ರಲ್ಲಿ. ಆಮೇಲೆ ರಾಜ್ಯದ ಹೆಸರು ಬದಲಾಯಿತು, ಪ್ರಶಸ್ತಿ ಬರಲಿಲ್ಲ. ಅದು ಮತ್ತೆ ಬಂದುದು ೨೦೨೩ರ ಮಾರ್ಚಿಯಲ್ಲಿ, ಸೌದಿಯ ರಿಯಾದ್ ನಗರದಲ್ಲಿ ಮೇಘಾಲಯವನ್ನು ೩–೨ರಿಂದ ಸೋಲಿಸಿದಾಗ. ಐವತ್ತನಾಲ್ಕು ವರ್ಷ! ಒಬ್ಬ ಮನುಷ್ಯ ಹುಟ್ಟಿ, ಓದಿ, ಕೆಲಸಕ್ಕೆ ಸೇರಿ, ನಿವೃತ್ತಿಯ ಬಾಗಿಲಿಗೆ ಬರುವಷ್ಟು ಕಾಲ. ಆ ಗೆಲವಿನ ವಾರ್ತೆಯನ್ನು ನಮ್ಮ ಮನೆಗೆ ಬರುವ ಪತ್ರಿಕೆಯ ಕ್ರೀಡಾಪುಟದಲ್ಲಿ ಕ್ರಿಕೆಟ್ಟಿನ ಕೆಳಗೆ ಹುಡುಕಬೇಕಾಯಿತು.

ಹೀಗೆ ಒಂದು ಕಾಲದಲ್ಲಿ ಬಂಗಾಳಕ್ಕೆ ಪಾಂಡವರನ್ನು ಕಳುಹಿಸಿದ ಊರು, ತನ್ನ ಕ್ಲಬ್ಬಿನ ವೀರನನ್ನು ಹೊರಗಿನಿಂದ ಕರೆತಂದು ಹನ್ನೆರಡು ವರ್ಷ ಮೆರೆಸಿತು. ಕರೆತಂದದ್ದರಲ್ಲಿ ತಪ್ಪಿಲ್ಲ. ಪ್ರೀತಿಸಿದ್ದರಲ್ಲಿಯೂ ತಪ್ಪಿಲ್ಲ, ದತ್ತುಮಗನಾದರೂ ಮಗನೇ. ೨೦೧೮ರ ಜೂನಿನಲ್ಲಿ ಮುಂಬಯಿಯಲ್ಲಿ ಎರಡೂವರೆ ಸಾವಿರ ಜನರ ಮುಂದೆ ಮೂರು ಗೋಲು ಹೊಡೆದು, ಆಮೇಲೆ ಛೇತ್ರಿಯವರು ಜನತೆಗೆ ಒಂದು ಬಿನ್ನಹ ಮಾಡಿಕೊಂಡರು: ಬೇಕಾದರೆ ಬೈಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬಂದು ಬೈಯಿರಿ. ಅವರ ನೂರನೆಯ ಪಂದ್ಯವಾದ ಮುಂದಿನ ಪಂದ್ಯಕ್ಕೆ ಮುಂಬಯಿಯ ಆ ಕ್ರೀಡಾಂಗಣ ತುಂಬಿತು. ನಮ್ಮ ಊರಿನವರಿಗೆ ಆ ಬಿನ್ನಹದ ಅಗತ್ಯವಿರಲಿಲ್ಲ. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಬಳಗದ ತರುಣ ತರುಣಿಯರು ತೊಂಬತ್ತು ನಿಮಿಷವೂ ನಿಂತು ಹಾಡುತ್ತಾರೆ. ನಾನು ಒಮ್ಮೆ ಅಲ್ಲಿ ನಿಂತು, ಕಾಲು ನೋವು ಬಂದು, ಮರುದಿನ ಕುಳಿತೇ ಪಾಠ ಹೇಳಿದ್ದೇನೆ.

ತಪ್ಪು ಇರುವುದು, ಆ ಪ್ರೀತಿಯಿಂದಲೇ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದುದರಲ್ಲಿ. ಛೇತ್ರಿಯವರು ಗೋಲು ಹೊಡೆಯುತ್ತಿರುವವರೆಗೂ ಮುಂದಿನವನು ಯಾರೆಂದು ಕೇಳುವವರಿರಲಿಲ್ಲ. ವಿಪರ್ಯಾಸವೆಂದರೆ ಅವರ ಶ್ರದ್ಧೆಯೇ, ಊಟ ನಿದ್ರೆಗಳಲ್ಲಿ ಅವರು ಪಾಲಿಸಿದ ಕಟ್ಟುನಿಟ್ಟೇ, ನಮ್ಮ ಆಲಸ್ಯಕ್ಕೆ ಆಶ್ರಯವಾಯಿತು. ಅವರು ಮೂವತ್ತನಾಲ್ಕಕ್ಕೆ ಕುಂಟುತ್ತ ನಿಂತುಬಿಟ್ಟಿದ್ದರೆ ಫೆಡರೇಷನ್ನಿನವರೂ ಕ್ಲಬ್ಬಿನವರೂ ಗಾಬರಿಗೊಂಡು ಹುಡುಕಾಡುತ್ತಿದ್ದರೋ ಏನೋ. ೨೦೨೫ರ ಅಕ್ಟೋಬರಿನಲ್ಲಿ ಸಿಂಗಪುರದವರು ಗೋವೆಯ ಮೈದಾನದಲ್ಲಿಯೇ ಭಾರತವನ್ನು ಎರಡಕ್ಕೊಂದರಿಂದ ಸೋಲಿಸಿ, ಮುಂದಿನ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿದಾಗ, ಅದೇ ಜನ ಹಿರಿಯರ ಮೇಲಿನ ಅವಲಂಬನೆಯ ವಿಷಯ ಮಾತಾಡಿದರು. ಅವಲಂಬಿಸಿದವರು ಯಾರು?

ವಿದೇಶೀಯರ ಸಂಖ್ಯೆ ಕಡಿಮೆಯಾಗಬೇಕು, ಪ್ರತಿ ತಂಡವೂ ನಡುಮುಂಪಂಕ್ತಿಯಲ್ಲಿ ದೇಶೀಯನೊಬ್ಬನಿಗೆ ನಿಗದಿಯಾದಷ್ಟು ಕಾಲ ಆಡಲು ಅವಕಾಶ ಕೊಡಬೇಕು, ಬೆಂಗಳೂರಿನ ಬಡಾವಣೆಗಳಲ್ಲಿ ಕಾರು ನಿಲ್ಲಿಸುವ ಸ್ಥಳಗಳಾಗಿರುವ ಮೈದಾನಗಳನ್ನು ಮಕ್ಕಳಿಗೆ ಬಿಟ್ಟುಕೊಡಬೇಕು ಎಂದು ಮೊದಲಾಗಿ ನಾನು ಸಲಹೆಗಳನ್ನು ಬರೆಯಬಹುದು. ಬರೆಯಲು ಕುಳಿತೂ ಇದ್ದೆ. ಆದರೆ ಬರೆಯುತ್ತಿರುವಾಗ ನನ್ನ ಲೇಖನಿಯನ್ನು ಒಬ್ಬ ಹುಡುಗ ತಡೆದನು.

ಏಳು ವರ್ಷಗಳ ಹಿಂದಿನ ಮಾತು. ಬಿ.ಎ. ಎರಡನೆಯ ವರ್ಷದಲ್ಲಿ ನನ್ನ ತರಗತಿಯಲ್ಲಿ ಇದ್ದವನು. ತೆಳ್ಳಗಿನ ಮೈ, ಯಾವಾಗಲೂ ಹಿಂದಿನ ಬೆಂಚು. ನಗರದ ಲೀಗಿನಲ್ಲಿ ಸಣ್ಣ ತಂಡವೊಂದಕ್ಕೆ ಮುಂಪಂಕ್ತಿಯಲ್ಲಿ ಆಡುತ್ತಿದ್ದನು. ಪಂದ್ಯಗಳು ಮಧ್ಯಾಹ್ನ, ನನ್ನ ಹಳಗನ್ನಡದ ತರಗತಿಯೂ ಮಧ್ಯಾಹ್ನ. ಒಂದು ದಿನ ಬಂದು, “ಸರ್, ಶುಕ್ರವಾರ ಮ್ಯಾಚಿದೆ, ಹಾಜರಿ ಕೊಡ್ತೀರಾ?” ಎಂದು ಕೇಳಿದನು. ನಾನು ನಿಯಮವನ್ನು ಹೇಳಿದೆ. ನಿಯಮ ಹೇಳುವುದರಲ್ಲಿ ಅಧ್ಯಾಪಕರಿಗಿರುವ ಸುಖ ಅನುಭವಿಸಿದವರಿಗೇ ಗೊತ್ತು. ಕಾಲೇಜಿನ ತಂಡಕ್ಕೆ ಆಡಿದರೆ ಹಾಜರಿಯುಂಟು, ಹೊರಗಿನ ತಂಡಕ್ಕೆ ಆಡಿದರೆ ಇಲ್ಲ. ಕಾಲೇಜಿಗೆ ತಂಡವೇ ಇರಲಿಲ್ಲವೆಂಬುದು ಆ ಕ್ಷಣ ನನಗೆ ಹೊಳೆಯಲಿಲ್ಲ. ವರ್ಷದ ಕೊನೆಗೆ ಅವನಿಗೆ ಶೇಕಡಾ ಎಪ್ಪತ್ತೈದು ಹಾಜರಿ ಇರಲಿಲ್ಲ. ಪಟ್ಟಿಯಲ್ಲಿ ಅವನ ಹೆಸರನ್ನು ಬರೆದವನು ನಾನೇ. ಅವನ ತಂದೆ ಬಂದು ಕೈಮುಗಿದು ನಿಂತರು. ಇನ್ನು ಆಟ ಬಿಡಿಸುತ್ತೇನೆ ಎಂದರು. ಬಿಡಿಸಿದರು. ಅವನು ಪರೀಕ್ಷೆಗೆ ಕುಳಿತು ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದನು. ನಾನು ಅದನ್ನು ನನ್ನ ವಿಜಯಗಳಲ್ಲಿ ಒಂದೆಂದು ಬಹುಕಾಲ ಎಣಿಸಿದ್ದೆ.

ಅವನು ಛೇತ್ರಿಯಾಗುತ್ತಿದ್ದನೆ? ಖಂಡಿತ ಇಲ್ಲ ಎಂದೇ ಇಟ್ಟುಕೊಳ್ಳೋಣ. ಆ ವರ್ಷ ತಂಡದವರು ಎತ್ತರದ ಪರದೇಶಿಯೊಬ್ಬನನ್ನು ಮುಂದೆ ನಿಲ್ಲಿಸಿ ಇವನನ್ನು ಬಲಬದಿಯ ರಕ್ಷಣೆಗೆ ಕಳುಹಿಸಿದ್ದರೆಂದು ಅವನೇ ಆಮೇಲೆ ಹೇಳಿದನು. ಆದರೆ ಸಾವಿರ ಮಂದಿ ಆಡಿದರೆ ಹತ್ತು ಮಂದಿ ಚೆನ್ನಾಗಿ ಆಡುತ್ತಾರೆ; ಹತ್ತು ಮಂದಿಯಲ್ಲಿ ಒಬ್ಬನು ಕೆರಳಿ ಎದ್ದು ನಿಲ್ಲುತ್ತಾನೆ. ಸಾವಿರದಲ್ಲಿ ಒಬ್ಬನನ್ನು ನಾನು ಕಳೆದೆ. ನನ್ನಂಥ ಅಧ್ಯಾಪಕರು ಈ ರಾಜ್ಯದಲ್ಲಿ ಎಷ್ಟು ಮಂದಿಯಿದ್ದಾರೆ ಎಂಬ ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಬಹುದು. ಕರ್ಣನ ಪ್ರಸಂಗವನ್ನು ಕಣ್ಣಲ್ಲಿ ನೀರು ತಂದುಕೊಂಡು ಪಾಠ ಹೇಳುವ ಹೊತ್ತಿನಲ್ಲಿಯೇ ಅವನಿಗೆ ಗೈರುಹಾಜರಿ ಗುರುತು ಹಾಕಿದವನು ನಾನು.

ಕೇರಳದವರ ಮೇಲೆ ಛೇತ್ರಿಯವರು ಮೂರು ಗೋಲು ಹೊಡೆದ ಆ ಡಿಸೆಂಬರಿನ ರಾತ್ರಿ ಅವನು ಕಂಠೀರವದ ಬಾಗಿಲಲ್ಲಿ ಸಿಕ್ಕಿದನು. ಈಗ ಮನೆಮನೆಗೆ ಸಾಮಾನು ತಲುಪಿಸುವ ಕಂಪನಿಯೊಂದರಲ್ಲಿ ಮೇಲ್ವಿಚಾರಕ, ಮದುವೆಯಾಗಿದೆ. ನೀಲಿ ಅಂಗಿ ತೊಟ್ಟು ಹೆಂಡತಿಯೊಡನೆ ಬಂದಿದ್ದನು. “ನಮ್ಮ ಕನ್ನಡ ಮೇಷ್ಟ್ರು” ಎಂದು ಆಕೆಗೆ ಪರಿಚಯ ಮಾಡಿಸಿದನು. ನಾನು ಏನನ್ನೋ ಹೇಳಲು ಹೋದೆ. ಗಂಟಲು ಕಟ್ಟಿತ್ತು, ಕೂಗಿ ಕೂಗಿ. ಅವನು ಆಟದ ಮಾತನ್ನೇ ಆಡಿದನು. ಗೋಲು ಹೊಡೆದದ್ದನ್ನಲ್ಲ, ಅದಕ್ಕೆ ಮುಂಚೆ ಛೇತ್ರಿಯವರು ರಕ್ಷಕನ ಬೆನ್ನ ಹಿಂದೆ ಎರಡು ಹೆಜ್ಜೆ ಹಿಂದಕ್ಕೆ ಸರಿದು ನಿಂತದ್ದನ್ನು ನಾನು ಗಮನಿಸಿದೆನೆ ಎಂದು ಕೇಳಿದನು. ನಾನು ಗಮನಿಸಿರಲಿಲ್ಲ. ಆ ಎರಡು ಹೆಜ್ಜೆಯನ್ನು ಅವನು ಕಸ್ತೂರಬಾ ರಸ್ತೆಯ ಪಾದಚಾರಿ ದಾರಿಯ ಮೇಲೆಯೇ ಇಟ್ಟು ತೋರಿಸಿದನು. ಹೆಂಡತಿ ನಗುತ್ತಿದ್ದಳು. ಅವನ ಕಾಲುಗಳಿಗೆ ಅದು ಇನ್ನೂ ಮರೆತಿರಲಿಲ್ಲ.

ಈ ವರ್ಷ ನಮ್ಮ ಪ್ರಿನ್ಸಿಪಾಲರಿಗೆ ಒಂದು ಮನವಿ ಬರೆದು ಕೊಟ್ಟಿದ್ದೇನೆ: ನಗರದ ಲೀಗಿನಲ್ಲಿ ಯಾವ ತಂಡಕ್ಕೆ ಆಡಿದರೂ, ತಂಡದವರ ಪತ್ರ ತಂದರೆ, ಪಂದ್ಯದ ದಿನ ಹಾಜರಿ ಕೊಡತಕ್ಕದ್ದು ಎಂದು. ಅವರು ಅದನ್ನು ಮೇಲಕ್ಕೆ ಕಳುಹಿಸಿರುವುದಾಗಿ ಹೇಳಿದರು. ಮೇಲಿನಿಂದ ಇನ್ನೂ ಉತ್ತರ ಬಂದಿಲ್ಲ.